ಕಿಟಕಿಕಟ್ಟೆಯ ಮೂರು ಕಡ್ಡಿ

ಕ್ರಿಸ್‌ಮಸ್ ಕಳೆದ ಮೇಲೆ ನಾರ್ತ್‌ವಿಚ್ ಊರಿಗೆ ಹಿಡಿದ ಮಳೆ ಜನವರಿ ಅರ್ಧವಾದರೂ ಬಿಡಲಿಲ್ಲ. ಲೊರೇನಳ ಮನೆಯಲ್ಲಿ ಒಗೆದ ಬಟ್ಟೆ ಒಣಗಿಸಲು ಜಾಗ ಸಾಲದಾಯಿತು. ಗಂಡ ಕಾರ್ಲ್‌ನ ಕೆಲಸದ ಪ್ಯಾಂಟು ಮೆಟ್ಟಿಲ ಕಟಕಟೆಯ ಮೇಲೆ, ಮಗಳು ಬೆಥನಿಯ ಶಾಲೆಯ ಅಂಗಿ ಬಾಗಿಲ ಮೇಲೆ, ಅತ್ತೆ ಎನಿಡ್ ಅವರ ಉಣ್ಣೆಯ ಕಾಲುಚೀಲಗಳು ಹೀಟರಿನ ಮೇಲೆ. ಗ್ಯಾಸಿನ ಬಿಲ್ಲಿಗೆ ಹೆದರಿ ಹೀಟರನ್ನು ಸಂಜೆ ಮಾತ್ರ ಹಾಕುತ್ತಿದ್ದರು. ಕಿಟಕಿ ಗಾಜಿನ ಒಳಮೈಯಲ್ಲಿ ನೀರಿಳಿದು ಚೌಕಟ್ಟಿನ ಮೂಲೆಗಳಿಗೆ ಕಪ್ಪು ಬೂಷ್ಟು ಹಿಡಿದಿತ್ತು.

ಎನಿಡ್ ಮಗನ ಮನೆಗೆ ಬಂದದ್ದು ನವೆಂಬರಿನಲ್ಲಿ. ಗಂಡ ವಿಲ್ಫ್ ತೀರಿಕೊಂಡ ಮೇಲೆ ಹಳ್ಳಿಯ ಮನೆಯಲ್ಲಿ ಒಬ್ಬರೇ ಇದ್ದರು. ಒಂದು ಸಲ ಮೆಟ್ಟಿಲಿಂದ ಬಿದ್ದರು. ಆಮೇಲೆ ಮನೆ ಮಾರಿ, ಎರಡು ಸೂಟ್‌ಕೇಸು ಮತ್ತು ಒಂದು ನಿಯಮ ಹಿಡಿದುಕೊಂಡು ಬಂದರು. ಮಳೆ ಬರಲಿ, ಗಾಳಿ ಬೀಸಲಿ, ಭಾನುವಾರ ಎಲ್ಲರೂ ಹೊರಗೆ ಹೋಗಬೇಕು.

"ಭಾನುವಾರಾನೂ ಮನೇಲೇ ಕೂತ್ರೆ ಗೋಡೆಗೆ ಹಿಡಿದಿದ್ದು ಮನುಷ್ಯರಿಗೂ ಹಿಡಿಯುತ್ತೆ," ಅನ್ನುತ್ತಿದ್ದರು.

ಹಾಗಾಗಿ ಭಾನುವಾರ ಬಂತೆಂದರೆ ನಾಲ್ವರೂ ಆ ಹಳೇ ಕಾರಿನಲ್ಲಿ ಕೂತು ಎಲ್ಲಿಗಾದರೂ ಹೊರಡುತ್ತಿದ್ದರು. ಒಂದು ವಾರ ಕಾಲುವೆಯ ದಂಡೆ, ಇನ್ನೊಂದು ವಾರ ಗಿಡ ಮಾರುವ ದೊಡ್ಡ ಅಂಗಡಿ. ಅಲ್ಲಿ ಬೆಚ್ಚಗಿರುತ್ತಿತ್ತು, ಎಷ್ಟು ಹೊತ್ತು ಸುತ್ತಿದರೂ ಯಾರೂ ಕೇಳುತ್ತಿರಲಿಲ್ಲ. ಹೊಸ ವರ್ಷದ ಮೊದಲ ಭಾನುವಾರ ಸಮುದ್ರ ನೋಡಲು ಹೋದರು. ಕಾರನ್ನು ಅಲೆಗಳ ಕಡೆ ಮುಖ ಮಾಡಿ ನಿಲ್ಲಿಸಿ, ಮೊಟ್ಟೆಯ ಸ್ಯಾಂಡ್‌ವಿಚ್ ಬಿಚ್ಚಿ, ಫ್ಲಾಸ್ಕಿನ ಚಹಾ ಹಂಚಿಕೊಂಡರು. ಎಲ್ಲರ ಉಸಿರಿಗೆ ಗಾಜು ಮಂಜಾಯಿತು.

"ಸಮುದ್ರ ಎಲ್ಲಿದೆ?" ಎಂದಳು ಬೆಥನಿ. ಅವಳಿಗೆ ಹದಿನೈದು.

"ಅಲ್ಲೇ ಇರುತ್ತೆ, ಎಲ್ಲಿಗೆ ಹೋಗುತ್ತೆ? ತಿನ್ನು," ಅಂದರು ಎನಿಡ್.

ಲೊರೇನಳಿಗೆ ಈ ತಿರುಗಾಟದ ಬಗ್ಗೆ ಅಂಥ ತಕರಾರಿರಲಿಲ್ಲ. ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸುವವಳಿಗೆ ಕಾರಿನಲ್ಲಿ ಕೂರುವುದೂ ಒಂದು ವಿಶ್ರಾಂತಿಯೇ. ಅವಳ ತಕರಾರಿದ್ದದ್ದು ಅಡುಗೆಮನೆಯ ಕಿಟಕಿಕಟ್ಟೆಯ ಬಗ್ಗೆ. ಎನಿಡ್ ಅದನ್ನು ಪೂರ್ತಿ ಹಿಡಿದುಕೊಂಡಿದ್ದರು. ನೀರಿನ ಲೋಟದಲ್ಲಿ ಈರುಳ್ಳಿ ಬೇರು, ಜಾಮ್ ಬಾಟಲಿಯಲ್ಲಿ ಯಾವುದೋ ಎಲೆ, ಮೂರು ಮೊಸರಿನ ಕಪ್ಪುಗಳಲ್ಲಿ ಮಣ್ಣು, ಒಂದೊಂದರಲ್ಲೂ ಒಂದೊಂದು ಒಣ ಕಡ್ಡಿ. ದಿನಾ ಬೆಳಿಗ್ಗೆ ಅವಕ್ಕೆ ಚಮಚದಲ್ಲಿ ನೀರು. ಆ ನೀರೆಲ್ಲ ಕಟ್ಟೆಗೆ ಇಳಿದು ಬಣ್ಣ ಎದ್ದಿತ್ತು.

"ಬೂಷ್ಟು ಅಲ್ಲಿಂದಾನೇ ಶುರು, ಕಾರ್ಲ್. ಬೆಥನಿ ಕೆಮ್ಮೋದು ಕೇಳ್ಸಲ್ವಾ? ನಿಮ್ಮಮ್ಮಂಗೆ ಒಂದು ಮಾತು ಹೇಳು."

"ಹೇಳ್ತೀನಿ," ಎಂದ ಕಾರ್ಲ್. ಟೈರ್ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಬೈಗಳು ಕೇಳಿ ಬರುವ ಅವನು ಮನೆಯಲ್ಲಿ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಜನವರಿಯ ಮಧ್ಯದಲ್ಲಿ ಎನಿಡ್ ರಿಲ್ ಊರಿನಲ್ಲಿದ್ದ ತಂಗಿ ಮಾವಿಸ್ ಮನೆಗೆ ಒಂದು ವಾರಕ್ಕೆಂದು ಹೋದರು. ಮರುದಿನವೇ ಲೊರೇನ್ ಕೈಗೆ ರಬ್ಬರ್ ಗವಸು ಏರಿಸಿ, ಬ್ಲೀಚ್ ಹಿಡಿದು ಅಡುಗೆಮನೆ ತೊಳೆಯಲು ನಿಂತಳು. ಕಿಟಕಿಕಟ್ಟೆಯ ಮೇಲಿದ್ದದ್ದನ್ನೆಲ್ಲ ಬಾಚಿ ತೋಟದ ಕಸದ ಡಬ್ಬಕ್ಕೆ ಸುರಿದಳು. ಕಪ್ಪುಗಳನ್ನು ತೊಳೆದು ಮರುಬಳಕೆಯ ಡಬ್ಬದಲ್ಲಿಟ್ಟಳು. ಕಟ್ಟೆ ಬೆಳ್ಳಗಾಯಿತು. ಅದರ ಮೇಲೆ ತನ್ನ ರೇಡಿಯೋ ಇಟ್ಟು, ಬಹಳ ದಿನದ ಮೇಲೆ ಹಾಡು ಕೇಳುತ್ತ ಆಲೂಗಡ್ಡೆ ಸುಲಿದಳು. ಮಂಗಳವಾರ ಲಾರಿ ಬಂದು ತೋಟದ ಕಸ ಒಯ್ದಿತು.

ಗುರುವಾರ ಎನಿಡ್ ಫೋನ್ ಮಾಡಿದರು.

"ಲೊರೇನ್, ಅಲ್ಲೂ ಮಳೇನಾ? ಇಲ್ಲಂತೂ ಮಾವಿಸ್ ಬೆಕ್ಕು ಕೂಡ ಹೊರಗೆ ಹೋಗಲ್ಲ ಅಂತಿದೆ. ಒಂದು ಕೆಲಸ ಮಾಡ್ತೀಯಾ? ವಿಲ್ಫ್ ಕಡ್ಡಿಗಳನ್ನ ಸ್ವಲ್ಪ ಬೆಳಕಿನ ಕಡೆ ತಿರುಗಿಸು. ನೀರು ಜಾಸ್ತಿ ಹಾಕ್ಬೇಡ."

"ವಿಲ್ಫ್ ಕಡ್ಡಿ?"

"ಮೊಸರಿನ ಕಪ್ಪಲ್ಲಿರೋದು. ಅವರ ಗೂಸ್‌ಬೆರಿ. ಕಾರ್ಲ್ ಹೇಳಿಲ್ವಾ?"

ವಿಲ್ಫ್ ಅವರ ಗೂಸ್‌ಬೆರಿಯ ಬಗ್ಗೆ ಲೊರೇನ್ ಕೇಳಿರಲಿಲ್ಲ ಎಂದಲ್ಲ. ವಿಲ್ಫ್ ಇದ್ದ ಕಡೆಯ ಹಳ್ಳಿಗಳಲ್ಲಿ ಗಂಡಸರು ಆ ಹುಳಿ ಹಣ್ಣಿಗೆಂದೇ ಗೂಸ್‌ಬೆರಿ ಕ್ಲಬ್ಬು ಕಟ್ಟಿಕೊಂಡು, ಜುಲೈ ತಿಂಗಳಲ್ಲಿ ತಮ್ಮ ತಮ್ಮ ಹಣ್ಣನ್ನು ಚಿನ್ನ ತೂಗುವಂಥ ತಕ್ಕಡಿಯಲ್ಲಿಟ್ಟು ಯಾರದು ಭಾರ ಎಂದು ನೋಡುತ್ತಾರೆ. ಕೋಳಿಮೊಟ್ಟೆಯಷ್ಟು ದಪ್ಪ ಹಣ್ಣು ಬಿಡುವ ಒಂದು ಗಿಡವನ್ನು ವಿಲ್ಫ್ ತಾವೇ ಬೀಜದಿಂದ ಬೆಳೆಸಿದ್ದರು. ಬೇಸಿಗೆಯಲ್ಲಿ ಅವರ ಕೈಗಳು ಬೆಕ್ಕು ಪರಚಿದ ಹಾಗಿರುತ್ತಿದ್ದವು. ಒಂದು ರೆಂಬೆಯನ್ನೂ ಯಾರಿಗೂ ಕೊಟ್ಟವರಲ್ಲ. ಮನೆ ಕೊಂಡವರು ಎರಡು ಕಾರು ನಿಲ್ಲಿಸಲು ತೋಟವನ್ನೆಲ್ಲ ಅಗೆದು ಕಲ್ಲು ಹಾಸಿದ್ದರು. ಅದಕ್ಕೆ ಮೊದಲು ಎನಿಡ್ ಮೂರು ಕಡ್ಡಿ ಕತ್ತರಿಸಿಕೊಂಡು ಬಂದಿದ್ದರು.

"ಮಾರ್ಚಲ್ಲಿ ಚಿಗುರುತ್ತೆ. ಒಂದು ಕ್ಲಬ್ಬಿನ ಸ್ಟ್ಯಾನ್‌ಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಒಂದು ನಿಮ್ಮ ಹಿತ್ತಲಲ್ಲಿ ನೆಡೋಣ, ಆಯ್ತಾ?"

"ಆಯ್ತು," ಎಂದಳು ಲೊರೇನ್. "ತಿರುಗಿಸಿಡ್ತೀನಿ."

ಆ ಸಂಜೆ ಕಾರ್ಲ್ ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಆ ಕಡ್ಡಿ ಏನು ಅಂತ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಅನ್ಕೊಂಡಿದ್ದೆ. ಯಾಕೆ, ಏನಾಯ್ತು?"

"ಏನಿಲ್ಲ," ಎಂದು ಅವನ ತಟ್ಟೆಗೆ ಬಟಾಣಿ ಬಡಿಸಿದಳು.

ಆ ಭಾನುವಾರ ಮಳೆ ಕೊಡದಿಂದ ಹೊಯ್ದ ಹಾಗೆ ಸುರಿಯುತ್ತಿತ್ತು. ಎನಿಡ್ ಊರಲ್ಲಿಲ್ಲ, ಮನೆಯಲ್ಲೇ ಬಿದ್ದುಕೊಂಡಿರೋಣ ಎಂದು ಕಾರ್ಲ್ ಸೋಫಾ ಮೇಲೆ ಕಾಲು ಚಾಚಿದ್ದ.

"ಆಶ್‌ಮೂರ್ ಬಂಗಲೆಗೆ ಹೋಗೋಣ. ಅಲ್ಲಿ ತರಕಾರಿ ತೋಟ ಚೆನ್ನಾಗಿದೆಯಂತೆ," ಎಂದಳು ಲೊರೇನ್.

"ಜನವರೀಲಿ ತರಕಾರಿ ತೋಟನಾ? ಅಮ್ಮ, ನಿಂಗೆ ಹುಷಾರಿದ್ಯಾ?" ಎಂದಳು ಬೆಥನಿ.

ಜನ ನೋಡಲೆಂದು ತೆರೆದಿಟ್ಟ ಆ ಹಳೇ ಬಂಗಲೆಯ ಹಿಂದೆ, ಇಟ್ಟಿಗೆ ಗೋಡೆಯೊಳಗಿನ ತೋಟದಲ್ಲಿ ಅವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಎಲ್ಲ ಗಿಡಗಳೂ ಬೋಳು. ಗೋಡೆಯ ಬುಡದಲ್ಲಿ ಗೂಸ್‌ಬೆರಿ ಎಂದು ಬರೆದ ಹಲಗೆ ಸಿಕ್ಕಿತು. ಅದರ ಎಡಕ್ಕೊಂದು ಗಿಡ, ಬಲಕ್ಕೊಂದು ಗಿಡ. ಹಲಗೆ ಯಾವುದಕ್ಕೆ ಸೇರಿದ್ದೆಂದು ನಿಂತು ನೋಡುವಷ್ಟು ಧೈರ್ಯ ಲೊರೇನಳಿಗಿರಲಿಲ್ಲ. ಕೈಚೀಲದಿಂದ ಉಗುರು ಕತ್ತರಿ ತೆಗೆದು ಬಲಗಡೆಯದರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಏನ್ಮಾಡ್ತಿದ್ದೀಯ?" ಹಿಂದಿನಿಂದ ಬೆಥನಿಯ ದನಿ.

"ಶೂ ಲೇಸ್ ಕಟ್ತಿದ್ದೀನಿ."

ಬೆಥನಿ ಅಮ್ಮನ ಕಾಲು ನೋಡಿದಳು. ಅಮ್ಮ ಹಾಕಿದ್ದದ್ದು ಲೇಸಿಲ್ಲದ ರಬ್ಬರ್ ಬೂಟು. ಅವಳು ಅಪ್ಪನ ಕಡೆ ಹೋದಳು.

ಕದಿಯುವುದು ಇಷ್ಟು ಸುಲಭವೆಂದು ಲೊರೇನ್ ಎಣಿಸಿರಲಿಲ್ಲ. ಮನೆಗೆ ಬಂದು ಅದೇ ಮೊಸರಿನ ಕಪ್ಪುಗಳಿಗೆ ಮಣ್ಣು ತುಂಬಿ, ಮೂರು ಕಡ್ಡಿ ನೆಟ್ಟು, ರೇಡಿಯೋ ತೆಗೆದು ಅವನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು.

ಸೋಮವಾರ ಎನಿಡ್ ವಾಪಸಾದರು. "ಈರುಳ್ಳಿ ಬೇರು ಎಲ್ಲಿ?" ಎಂದು ಕೇಳಿದರು.

"ಕೊಳೆತಿತ್ತು, ಎಸೆದೆ. ಬೇಜಾರ್ ಮಾಡ್ಕೋಬೇಡಿ."

"ಅದಕ್ಕೇನು, ಬಿಡು." ಎನಿಡ್ ಮೊದಲ ಕಪ್ಪನ್ನು ಎತ್ತಿ, ಕಡ್ಡಿಯನ್ನು ಬೆರಳಲ್ಲಿ ಬುಡದಿಂದ ತುದಿಯವರೆಗೆ ಸವರಿದರು. ಎರಡನೆಯದನ್ನೂ ಸವರಿದರು. ಆಮೇಲೆ ಬೆರಳನ್ನು ಕೋಟಿಗೆ ಒರೆಸಿಕೊಂಡು, "ಚಹಾಕ್ಕಿಡ್ತೀಯಾ?" ಅಂದರು.

ಗೊತ್ತಾಗಲಿಲ್ಲ ಎಂದುಕೊಂಡು ಲೊರೇನ್ ಚಹಾಕ್ಕೆ ನೀರಿಟ್ಟಳು.

ಅಂದಿನಿಂದ ಅವಳು ಮಾಡಿದ ಉಪಚಾರಕ್ಕೆ ಮಿತಿಯಿರಲಿಲ್ಲ. ಕಾರಿನ ಮುಂದಿನ ಸೀಟು ಎನಿಡ್‌ಗೆ. ಬುಧವಾರ ಎನಿಡ್‌ಗೆ ಇಷ್ಟವೆಂದು ಈರುಳ್ಳಿ ಹಾಕಿ ಹುರಿದ ಕುರಿಯ ಲಿವರ್. ಅದರ ವಾಸನೆಗೇ ಬೆಥನಿ ಊಟ ಬಿಟ್ಟೇಳುತ್ತಿದ್ದಳು. ಹೀಟರನ್ನು ಮಧ್ಯಾಹ್ನವೇ ಹಾಕಿದಳು.

"ನನಗೇನು ಸಾಯೋ ಕಾಯಿಲೆ ಬಂದಿದೆಯಾ? ಡಾಕ್ಟ್ರು ನಿಮಗೆ ಮಾತ್ರ ಹೇಳಿದ್ದಾರಾ?" ಎಂದು ಎನಿಡ್ ಲೊರೇನಳ ಎದುರೇ ಮಗನನ್ನು ಕೇಳಿದರು.

"ನನ್ನ ಯಾಕೆ ಕೇಳ್ತೀಯಮ್ಮ," ಎಂದು ಕಾರ್ಲ್ ಎದ್ದು ಹೋದ.

ಎನಿಡ್ ದಿನಾ ಬೆಳಿಗ್ಗೆ ಮೂರೂ ಕಪ್ಪಿಗೆ ಚಮಚದಲ್ಲಿ ನೀರು ಹಾಕುವುದನ್ನು ಬಿಡಲಿಲ್ಲ. ಆ ಹೊತ್ತಿಗೆ ಲೊರೇನ್ ಏನಾದರೂ ನೆಪ ಹೇಳಿ ಮಹಡಿಗೆ ಹೋಗುತ್ತಿದ್ದಳು.

ಫೆಬ್ರವರಿಯಲ್ಲಿ ಮತ್ತೆ ಸಮುದ್ರ. ಮತ್ತೆ ಅದೇ ಜಾಗ, ಅದೇ ಮಂಜು ಕವಿದ ಗಾಜು. ಸ್ಯಾಂಡ್‌ವಿಚ್ ಮುಗಿಯುವ ಮೊದಲೇ ಎನಿಡ್ ಪರ್ಸು ತೆಗೆದರು. "ಕಾರ್ಲ್, ಬಿಸಿ ಚಿಪ್ಸ್ ತಗೊಂಡು ಬಾ. ಬೆಥನಿ, ನೀನೂ ಹೋಗು."

"ಈ ಮಳೇಲಿ?" ಎಂದಳು ಬೆಥನಿ.

"ನೀನೇನು ಸಕ್ಕರೆ ಗೊಂಬೇನಾ, ಕರಗೋಕೆ?"

ಕಾರಿನಲ್ಲಿ ಇಬ್ಬರೇ ಉಳಿದರು. ಚಾವಣಿಯ ಮೇಲೆ ಮಳೆ ಬಡಿಯುತ್ತಿತ್ತು. ಎನಿಡ್ ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ತಿರುಗಿ ಹಿಂದಿನ ಸೀಟಿನ ಕಡೆ ನೋಡಿದರು.

"ಮತ್ತೆ? ಏನಾದ್ರೂ ಹೇಳು ಲೊರೇನ್."

ಲೊರೇನ್ ಬಾಯಿ ತೆರೆದಳು. "ಮುಂದಿನ ವಾರ ಸ್ವಲ್ಪ ಬಿಡುವು ಕೊಡುತ್ತಂತೆ. ಮಳೆ."

ಎನಿಡ್ ಮುಂದಕ್ಕೆ ತಿರುಗಿ ಕೈಗವಸು ಹಾಕಿಕೊಂಡರು. "ಹಾಗಂತ ಎಲ್ಲಾರೂ ಹೇಳ್ತಾರೆ," ಅಂದರು.

ಮುಂದಿನ ವಾರ ಗಿಡದ ಅಂಗಡಿಯಲ್ಲೂ ಹಾಗೇ ಆಯಿತು. ಕಾರ್ಲ್ ಮತ್ತು ಬೆಥನಿ ಮೀನಿನ ತೊಟ್ಟಿ ನೋಡಲೆಂದು ಹೋದವರು ಅರ್ಧ ಗಂಟೆಯಾದರೂ ಬರಲಿಲ್ಲ. ಎನಿಡ್ ಮತ್ತು ಲೊರೇನ್ ಅಂಗಡಿಯ ಚಹಾ ಮೇಜಿನಲ್ಲಿ ಎದುರುಬದುರು ಕೂತು ಜಾಮ್ ಸವರಿದ ಸ್ಕೋನ್ ಬನ್ನು ತಿಂದರು. ಲೊರೇನ್ ಜಾಮಿನ ಬಗ್ಗೆ ಮಾತಾಡಿದಳು.

ಮಾರ್ಚ್ ಮಧ್ಯದ ಭಾನುವಾರ ಕ್ಲಬ್ಬಿನ ಕಾರ್ಯದರ್ಶಿ ಸ್ಟ್ಯಾನ್ ಬೆಬಿಂಗ್ಟನ್ ತಮ್ಮ ಕಡ್ಡಿ ಒಯ್ಯಲು ತಾವೇ ಫೋನ್ ಮಾಡಿ, ಮಧ್ಯಾಹ್ನದ ಊಟಕ್ಕೆ ಬರುವುದೆಂದಾಯಿತು. ಹಿಂದಿನ ದಿನವೆಲ್ಲ ಲೊರೇನ್ ಎನಿಡ್‌ರ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ವಾಪಸು ಬಂದಳು. ಒಮ್ಮೆ ಒಗೆದ ಬಟ್ಟೆ ಕೊಡುವ ನೆಪ, ಒಮ್ಮೆ ಹಾಲು ಬೇಕೇ ಎಂದು ಕೇಳುವ ನೆಪ. ಕಡ್ಡಿಗಳ ಮೊಗ್ಗು ದಪ್ಪವಾಗಿ ತುದಿಯಲ್ಲಿ ಹಸಿರು ಇಣುಕಿತ್ತು. ಕಡ್ಡಿ ಕಡ್ಡಿಯ ಹಾಗೇ ಇರುತ್ತದೆ, ಒಂದು ಗೂಸ್‌ಬೆರಿಗೂ ಇನ್ನೊಂದಕ್ಕೂ ಹಣ್ಣು ಬಿಡುವ ತನಕ ಯಾರಿಗೆ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡಳು.

ಸ್ಟ್ಯಾನ್ ಟೈ ಕಟ್ಟಿಕೊಂಡು ಬಂದಿದ್ದರು. ಎಂಬತ್ತರ ಹತ್ತಿರದ, ದೊಡ್ಡ ಕೈಗಳ ಮನುಷ್ಯ. ನೆನೆದ ಟೋಪಿಯನ್ನು ಹೀಟರಿನ ಮೇಲಿಟ್ಟು ನೇರ ಕಿಟಕಿಯ ಹತ್ತಿರ ಹೋದರು.

"ಇವೇನಾ? ನಲವತ್ತು ವರ್ಷ ಕೇಳಿದ್ದೀನಿ ನಾನು ವಿಲ್ಫ್‌ನ. ಒಂದು ಕಡ್ಡಿ ಕೊಡೋ ಮಾರಾಯ ಅಂದ್ರೆ, ನನ್ನ ಹೆಣ ಬಿದ್ದ ಮೇಲೆ ಅಂತಿದ್ದ. ಪಾಪ, ಮಾತಿಗೆ ತಪ್ಪಲಿಲ್ಲ ನೋಡಿ."

ಎಲ್ಲರೂ ನಕ್ಕರು. ಸ್ಟ್ಯಾನ್ ಹೆಬ್ಬೆರಳಲ್ಲಿ ಒಂದು ಕಡ್ಡಿಯನ್ನು ಮೇಲಿಂದ ಕೆಳಕ್ಕೆ ಸವರಿದರು. ಬೆರಳು ನುಣ್ಣಗೆ ಜಾರಿತು. ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು.

"ಎನಿಡ್, ಇದರಲ್ಲಿ ಮುಳ್ಳೇ ಇಲ್ಲವಲ್ಲ."

ಅವರು ಇನ್ನೆರಡನ್ನೂ ಸವರಿ ನೋಡಿದರು.

"ಇದು ಗೂಸ್‌ಬೆರಿ ಅಲ್ಲ, ಅದಕ್ಕೆ ಕಡ್ಡಿಯುದ್ದಕ್ಕೂ ಮುಳ್ಳಿರುತ್ತೆ. ಕೆಂಪು ಕರಂಟು. ಗೊಂಚಲು ಗೊಂಚಲಾಗಿ ಬಿಡುತ್ತಲ್ಲ, ಚಿಕ್ಕ ಹಣ್ಣು, ಅದು."

ಲೊರೇನ್ ಒಲೆಯ ಹತ್ತಿರ ಗ್ರೇವಿಯ ಪಾತ್ರೆ ಹಿಡಿದು ನಿಂತಿದ್ದಳು.

"ಹೌದಾ?" ಅಂದರು ಎನಿಡ್. "ಹಾಗಿದ್ರೆ ಮನೆ ಖಾಲಿ ಮಾಡೋ ಗಡಿಬಿಡೀಲಿ ಬೇರೆ ಯಾವುದನ್ನೋ ಕತ್ತರಿಸ್ಕೊಂಡು ಬಂದಿದ್ದೀನಿ. ತಪ್ಪಾಯ್ತು ಸ್ಟ್ಯಾನ್. ಬನ್ನಿ, ಊಟ ಆರುತ್ತೆ."

"ನೀವಾ? ಆ ಗಿಡದ ಪಕ್ಕ ನಲವತ್ತು ವರ್ಷ ಬಟ್ಟೆ ಒಣಗಿಸಿದವರು ನೀವು."

"ವಯಸ್ಸಾಯ್ತು. ತಲೆ ನಿಲ್ಲಲ್ಲ ಈಗ."

ಸ್ಟ್ಯಾನ್ ಮುಖ ಮೆತ್ತಗಾಯಿತು. ಅವರು ಎನಿಡ್ ಪಕ್ಕದಲ್ಲಿ ಕೂತು, ಅವರ ಕೈ ತಟ್ಟಿದರು. ಕಿವುಡರ ಜೊತೆ ಆಡುವ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಆಡತೊಡಗಿದರು. "ಚಿಂತೆ ಮಾಡ್ಬೇಡಿ ಎನಿಡ್. ನಮ್ಮ ಮನೆಯವಳಿಗೂ ಹೀಗೇ ಶುರುವಾಯ್ತು. ಮೊದಲು ಸಣ್ಣ ಪುಟ್ಟದ್ದು ಮರೆಯೋದು." ಕಾರ್ಲ್ ಕಡೆ ತಿರುಗಿ, ಎನಿಡ್ ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ, "ಒಂದ್ಸಲ ಡಾಕ್ಟ್ರಿಗೆ ತೋರ್ಸಪ್ಪ. ಬೇಗ ತೋರ್ಸಿದ್ರೆ ಒಳ್ಳೇದು," ಅಂದರು.

ಎನಿಡ್ ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ಕ್ಯಾರೆಟ್ ಕತ್ತರಿಸುತ್ತಿದ್ದರು.

"ಅವರ ತಲೆ ಸರಿಯಾಗೇ ಇದೆ," ಎಂದಳು ಲೊರೇನ್. ಅವಳ ದನಿ ಅಗತ್ಯಕ್ಕಿಂತ ಜೋರಾಗಿತ್ತು. "ಕಡ್ಡಿಗಳನ್ನ ನಾನು ಎಸೆದೆ. ಕಸ ಅನ್ಕೊಂಡು ಎಸೆದೆ. ಆಮೇಲೆ ಆಶ್‌ಮೂರ್ ಬಂಗಲೆಯಿಂದ ಇವನ್ನ ಕದ್ದು ತಂದು ಇಟ್ಟೆ."

ಬಡಿಸಲು ತಂದ ಗ್ರೇವಿ ಮೇಜಿನ ಬಟ್ಟೆಯ ಮೇಲೆ ಚೆಲ್ಲುತ್ತಿದ್ದುದು ಅವಳಿಗೆ ತಿಳಿಯಲಿಲ್ಲ. ಬೆಥನಿ ಎದ್ದು ಪಾತ್ರೆ ತೆಗೆದುಕೊಂಡಳು.

ಸ್ಟ್ಯಾನ್ ಒಮ್ಮೆ ತಟ್ಟೆ ನೋಡಿದರು, ಒಮ್ಮೆ ಕಿಟಕಿ ನೋಡಿದರು. "ಮಾಂಸ ಚೆನ್ನಾಗಿ ಬೆಂದಿದೆ," ಅಂದರು. ಊಟ ಮುಗಿಯುವ ತನಕ ಮಾತೆಲ್ಲ ರಸ್ತೆ ರಿಪೇರಿಯ ಬಗ್ಗೆಯೇ ನಡೆಯಿತು. ಸಿಹಿ ತಿನ್ನುವ ಮೊದಲೇ ಅವರಿಗೆ ಬಸ್ಸಿನ ನೆನಪಾಯಿತು.

ಬಾಗಿಲು ಮುಚ್ಚಿದ್ದೇ ತಡ, ಎನಿಡ್ ಅಡುಗೆಮನೆಗೆ ಬಂದರು.

"ಊಟಕ್ಕೆ ಬಂದವರ ಮುಂದೆ!"

"ಅವರು ನಿಮ್ಮನ್ನ ಅರಳುಮರುಳು ಅನ್ಕೊಂಡ್ರು. ನಾನು ಸುಮ್ನೆ ಇರ್ಬೇಕಿತ್ತಾ?"

"ಎರಡು ತಿಂಗಳು ಸುಮ್ನೇ ಇದ್ಯಲ್ಲ! ಇನ್ನೊಂದು ಗಂಟೆ ಇರೋಕಾಗ್ಲಿಲ್ವಾ? ನಾನು ಹೇಗೋ ಮುಚ್ಚಿ ಹಾಕಿದ್ದೆ. ಈಗ ನಾಳೆ ಹೊತ್ತಿಗೆ ಇಡೀ ಕ್ಲಬ್ಬಿಗೆ ಗೊತ್ತಾಗುತ್ತೆ, ವಿಲ್ಫ್ ಗಿಡ ಅವನ ಸೊಸೆ ಕೈಯಲ್ಲೇ ಹೋಯ್ತು ಅಂತ."

ಲೊರೇನ್ ಕೈಯಲ್ಲಿದ್ದ ತಟ್ಟೆಯನ್ನು ನೊರೆಯೊಳಗೆ ಬಿಟ್ಟಳು. "ನಿಮಗೆ ಗೊತ್ತಿತ್ತಾ?"

"ನಲವತ್ತು ವರ್ಷ ಚುಚ್ಚಿಸ್ಕೊಂಡಿದ್ದೀನಿ. ರಿಲ್‌ನಿಂದ ಬಂದ ದಿನ ಮುಟ್ಟಿದೆ, ಚುಚ್ಚಲಿಲ್ಲ."

"ಅಜ್ಜಿ ನಮಗೆ ಅವತ್ತೇ ತೋರ್ಸಿದ್ರು," ಎಂದಳು ಬೆಥನಿ ಬಾಗಿಲಲ್ಲಿ ನಿಂತು. "ಅಪ್ಪಂಗೂ ಗೊತ್ತು. ಅಮ್ಮ, ನಾವು ಮೀನು ನೋಡ್ತಾ ಅರ್ಧ ಗಂಟೆ ನಿಂತಿದ್ವಿ. ಇದ್ದಿದ್ದು ಆರೇ ಮೀನು."

ಲೊರೇನ್ ಗಂಡನನ್ನು ನೋಡಿದಳು. ಅವನು ಒಣಗಿದ ಚಮಚವನ್ನೇ ಮತ್ತೆ ಒರೆಸುತ್ತಿದ್ದ.

"ಚಿಪ್ಸ್ ತರೋಕೆ ಇವರನ್ನ ಆ ಮಳೇಲಿ ಯಾಕೆ ಕಳಿಸಿದೆ ಅನ್ಕೊಂಡೆ?" ಅಂದರು ಎನಿಡ್. "ನಿಂಗೆ ಹೇಳೋಕೆ ಎಷ್ಟು ಭಾನುವಾರ ಕೊಟ್ಟೆ! ಕಡ್ಡಿ ಹೋಗಿದ್ದಕ್ಕೆ ನಾನು ಒಂದು ದಿನ ಅತ್ಕೊಂಡೆ, ಮುಗೀತು. ಆದ್ರೆ ನೀನು ಬುಧವಾರ ಬುಧವಾರ ಆ ಲಿವರ್ ಬಡಿಸಿದೆಯಲ್ಲ, ಅದನ್ನ ನುಂಗೋದು ಕಷ್ಟ ಆಯ್ತು ನಂಗೆ."

"ತಪ್ಪಾಯ್ತು, ಎನಿಡ್."

"ಹೂಂ. ಆ ಮೇಜಿನ ಬಟ್ಟೆ ತಣ್ಣೀರಲ್ಲಿ ನೆನೆಹಾಕು, ಇಲ್ದಿದ್ರೆ ಕಲೆ ಹೋಗಲ್ಲ."

ಆ ವಾರ ಮನೆಯಲ್ಲಿ ಉಪ್ಪು ಕೊಡಿ, ಬಾಗಿಲು ಹಾಕಿ ಎನ್ನುವಷ್ಟೇ ಮಾತು. ಬುಧವಾರ ಲೊರೇನ್ ಸಾಸೇಜ್ ಮಾಡಿದಳು. ಶನಿವಾರ ಸಂಜೆ ಎನಿಡ್ ಸ್ಯಾಂಡ್‌ವಿಚ್‌ಗೆ ಮೊಟ್ಟೆ ಬೇಯಿಸಲು ಇಡುತ್ತ, "ನಾಳೆ ಆಶ್‌ಮೂರ್," ಅಂದರು. "ಕದ್ದ ಮಾಲು ಕಿಟಕೀಲಿ ಇಟ್ಕೊಂಡು ನಂಗೆ ಪಾತ್ರೆ ತೊಳೆಯೋಕಾಗಲ್ಲ."

ಬಂಗಲೆಯ ಕಾರು ನಿಲ್ಲಿಸುವ ಜಾಗ ಕೆರೆಯಂತಾಗಿತ್ತು. ಎನಿಡ್ ತಾವೂ ಬರುತ್ತೇನೆಂದು ಇಳಿದರು. ಕಾರ್ಲ್ ಮತ್ತು ಬೆಥನಿ ಒಳಗೇ ಕೂತು ಗಾಜಿನ ಮಂಜು ಒರೆಸಿ ನೋಡುತ್ತಿದ್ದರು. ತರಕಾರಿ ತೋಟದ ಶೆಡ್ಡಿನಲ್ಲಿ ಕೆಸರು ಬೂಟಿನ ಹೆಂಗಸೊಬ್ಬಳು ಸಲಿಕೆ ತೊಳೆಯುತ್ತಿದ್ದಳು. ಲೊರೇನ್ ಮೂರು ಕಪ್ಪಿದ್ದ ಟ್ರೇಯನ್ನು ಅವಳ ಮುಂದೆ ಇಟ್ಟಳು. 

"ಇವು ನಿಮ್ಮವು. ಜನವರೀಲಿ ನಾನು ಕತ್ತರಿಸ್ಕೊಂಡು ಹೋಗಿದ್ದೆ. ಕೇಳದೆ."

ಹೆಂಗಸು ಕಡ್ಡಿಗಳನ್ನು ನೋಡಿದಳು. ಅಷ್ಟರಲ್ಲಿ ಮೂರೂ ಎಲೆ ಬಿಚ್ಚಿದ್ದವು. "ತಗೊಂಡು ಹೋಗೋರನ್ನ ಬೇಕಾದಷ್ಟು ನೋಡಿದ್ದೀನಿ. ವಾಪಸ್ ತಂದವರು ನೀವೇ ಮೊದಲು. ಇಟ್ಕೊಳ್ಳಿ ಬಿಡಿ, ನೀವೇ ಬೆಳೆಸಿದ್ದಲ್ವಾ?"

"ಬೆಳೆಸಿದ್ದು ಇವರು," ಎಂದು ಲೊರೇನ್ ಎನಿಡ್ ಕಡೆ ತೋರಿಸಿದಳು. "ಗೊತ್ತಿದ್ದೂ ದಿನಾ ನೀರು ಹಾಕಿದ್ರು."

"ಗಿಡ ಏನು ಮಾಡಿತ್ತು, ಪಾಪ," ಅಂದರು ಎನಿಡ್.

ಹೆಂಗಸು ನಕ್ಕು, ಎರಡು ಕಪ್ಪನ್ನು ತನ್ನ ಬೆಂಚಿನ ಮೇಲಿಟ್ಟುಕೊಂಡು ಮೂರನೆಯದನ್ನು ಟ್ರೇಯಲ್ಲೇ ಬಿಟ್ಟಳು. ಲೊರೇನ್ ಬೇಡವೆನ್ನುವ ಮೊದಲು ಎನಿಡ್ ಅದನ್ನು ಎತ್ತಿಕೊಂಡು, "ಥ್ಯಾಂಕ್ಸ್ ಮಗಳೇ," ಅಂದರು.

ವಾಪಸು ಬರುವಾಗ ಮಳೆ ಜೋರಾಯಿತು. ಇದ್ದದ್ದು ಒಂದೇ ಕೊಡೆ. ಎನಿಡ್ ಒಂದು ಕೈಯಲ್ಲಿ ಮೊಸರಿನ ಕಪ್ಪನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೊಡೆಯನ್ನು ಕಪ್ಪಿನ ಮೇಲೆ ಬರುವಂತೆ ವಾಲಿಸಿ ಹಿಡಿದು ನಡೆದರು. ಲೊರೇನ್ ಅವರ ಮೊಣಕೈ ಹಿಡಿದು ಕೆಸರು ದಾಟಿಸಿದಳು. ಕೊಡೆಯಿಂದ ಇಳಿದ ನೀರೂ ಅವಳ ಹೆಗಲ ಮೇಲೇ ಬಿತ್ತು. ಕೊಡೆಯನ್ನು ಇತ್ತ ಸ್ವಲ್ಪ ಸರಿಸಿ ಎಂದು ಅವಳು ಕೇಳಲಿಲ್ಲ.

ಕಾರಿನೊಳಗೆ ಕೂತಾಗ ಅವಳ ಕೂದಲಿಂದ ಸೀಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಬೆಥನಿ ಅಮ್ಮನನ್ನು ನೋಡಿ, ಅಜ್ಜಿಯ ಮಡಿಲಲ್ಲಿ ಒಂದು ಹನಿಯೂ ತಾಗದೆ ಕೂತಿದ್ದ ಗಿಡವನ್ನು ನೋಡಿದಳು.

"ಅಜ್ಜಿ, ಗಿಡ ಮಳೇಲಿ ನೆನೆದ್ರೆ ಏನಾಗುತ್ತೆ?"

"ಏನೂ ಆಗಲ್ಲ," ಅಂದರು ಎನಿಡ್. ಆಮೇಲೆ ಫ್ಲಾಸ್ಕ್ ತೆರೆದು, ಮೊದಲ ಲೋಟ ಚಹಾವನ್ನು ಹಿಂದಿನ ಸೀಟಿನಲ್ಲಿದ್ದ ಲೊರೇನಳಿಗೆ ಚಾಚಿದರು.